ಪ್ರವಾಸ ಕಥನದಲ್ಲಿ ಸ್ವಂತ ದನಿ

'ದೇಶ ಸುತ್ತು, ಕೋಶ ಓದು' ಎಂಬ ಗಾದೆಮಾತು ಕನ್ನಡ ನಾಡಿನ ಅನೇಕ ಶಾಲೆಗಳ ಗೋಡೆಗಳನ್ನು ಅಲಂಕರಿಸಿದೆ. ಈ ಮಾತಿನಲ್ಲಿ ಸುತ್ತುವುದು ಮೊದಲು, ಓದುವುದು ಅನಂತರ. ಆದರೆ ಪ್ರತಿವರ್ಷ ಶೈಕ್ಷಣಿಕ ಪ್ರವಾಸ ಮುಗಿಸಿ ಬಂದ ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುವ ಅಧ್ಯಾಪಕರಿಗೆ ಈ ಕ್ರಮ ತಲೆಕೆಳಗಾಗಿರುವುದು ತಾನಾಗಿಯೇ ತಿಳಿಯುತ್ತದೆ. ಬಸ್ಸು ನಸುಕಿನಲ್ಲಿ ಹೊರಟಿತು, ದಾರಿಯಲ್ಲಿ ಉಪಾಹಾರವಾಯಿತು, ದೇವಾಲಯದ ಶಿಲ್ಪಕಲೆ ಕಣ್ಮನಗಳನ್ನು ಸೂರೆಗೊಂಡಿತು, ಇಂಥ ಅರಸನು ಇಂಥ ಇಸವಿಯಲ್ಲಿ ಅದನ್ನು ಕಟ್ಟಿಸಿದನು, ರಾತ್ರಿ ಎಲ್ಲರೂ ಸುಖವಾಗಿ ಊರು ಸೇರಿದರು, ಪ್ರವಾಸ ಅವಿಸ್ಮರಣೀಯವಾಯಿತು. ನಲವತ್ತು ಮಕ್ಕಳ ನಲವತ್ತು ಪ್ರಬಂಧಗಳೂ ಹೀಗೆಯೇ ಇರುತ್ತವೆ. ಮೇಲಿನ ಹೆಸರನ್ನು ಮುಚ್ಚಿಬಿಟ್ಟರೆ ಯಾವುದು ಯಾರದೆಂದು ಹೇಳುವುದು ಬರೆದವರಿಗೂ ಕಷ್ಟ. ಅವಿಸ್ಮರಣೀಯವೆಂದು ಬಣ್ಣಿಸಿದ ಆ ಪ್ರವಾಸದಲ್ಲಿ ಸ್ಮರಣೆಯಲ್ಲಿ ಉಳಿದದ್ದು ಏನು ಎಂಬ ಒಂದು ಸಂಗತಿ ಮಾತ್ರ ಅಲ್ಲಿ ಇರುವುದಿಲ್ಲ.

ಇದು ಮಕ್ಕಳ ದೋಷವೆಂದು ತಳ್ಳಿಹಾಕುವಂತಿಲ್ಲ. ದೊಡ್ಡವರ ಬರಹವೂ ಇದೇ ಜಾಡಿನಲ್ಲಿ ಸಾಗಿದೆ. ಪರದೇಶಗಳನ್ನು ಕಂಡು ಬಂದ ಗಣ್ಯರು ಮಾಸಪತ್ರಿಕೆಗಳಿಗೂ ಸ್ಮರಣ ಸಂಚಿಕೆಗಳಿಗೂ ಬರೆಯುವ ಲೇಖನಗಳಲ್ಲಿ ಐಫೆಲ್ ಗೋಪುರದ ಎತ್ತರವಿರುತ್ತದೆ, ನಯಾಗರಾ ಜಲಪಾತದ ಅಗಲವಿರುತ್ತದೆ, ಅಲ್ಲಿನ ರಸ್ತೆಗಳ ಶುಚಿತ್ವದ ಪ್ರಶಂಸೆಯಿರುತ್ತದೆ. ಈ ಅಳತೆಗಳನ್ನು ತಿಳಿಯುವುದಕ್ಕೆ ಈಗ ಮನೆಯಿಂದ ಹೊರಗೆ ಕಾಲಿಡಬೇಕಾಗಿಲ್ಲ. ಅಂಗೈಯಲ್ಲಿರುವ ಮೊಬೈಲು ಕ್ಷಣಮಾತ್ರದಲ್ಲಿ ಎಲ್ಲವನ್ನೂ ತೋರಿಸಿಬಿಡುತ್ತದೆ. ಹಾಗಾದರೆ ಅಷ್ಟು ದೂರ ಹೋಗಿ ಬಂದವರು ಓದುಗರಿಗೆ ಕೊಡಬೇಕಾದದ್ದು ಏನು? ಬೇರೆ ಯಾರೂ ಕೊಡಲಾರದ ಒಂದೇ ಒಂದು ವಸ್ತು ಅವರಲ್ಲಿದೆ. ಅದು ಅವರ ಕಣ್ಣು; ಆ ಕಣ್ಣಿಗೆ ತಕ್ಕ ಅವರ ದನಿ.

ಸ್ವಂತ ದನಿ ಎಂಬ ಮಾತನ್ನು ಅನೇಕರು ಅಪಾರ್ಥ ಮಾಡಿಕೊಂಡಿದ್ದಾರೆ. ವಾಕ್ಯವಾಕ್ಯಕ್ಕೂ 'ನಾನು' ಎಂದು ಸೇರಿಸುವುದು, ಯಾರು ಹಾರ ಹಾಕಿದರು, ಯಾರ ಮನೆಯಲ್ಲಿ ಔತಣವಾಯಿತು ಎಂದು ಪಟ್ಟಿ ಕೊಡುವುದು, ಇಷ್ಟರಿಂದಲೇ ಬರಹಕ್ಕೆ ವ್ಯಕ್ತಿತ್ವ ಬರುವುದೆಂದು ಭಾವಿಸುವವರಿದ್ದಾರೆ. ಅದರಿಂದ ಬರುವುದು ಆತ್ಮಪ್ರಶಂಸೆ, ದನಿಯಲ್ಲ. ಮತ್ತೆ ಕೆಲವರು ದನಿಯೆಂದರೆ ಅಲಂಕಾರವೆಂದು ತಿಳಿದು, ಕಂಡ ಗುಡ್ಡವನ್ನೆಲ್ಲ ಮೇರುವಿಗೂ ಕಂಡ ಕೆರೆಯನ್ನೆಲ್ಲ ಮಾನಸ ಸರೋವರಕ್ಕೂ ಹೋಲಿಸುತ್ತಾರೆ. ಇವೆರಡೂ ದನಿಯನ್ನು ಮುಚ್ಚುವ ಹೊದಿಕೆಗಳು. ಒಬ್ಬನ ಬಾಳು, ವೃತ್ತಿ, ಊರು ಅವನ ಕಣ್ಣಿಗೆ ಯಾವ ನೋಟವನ್ನು ಕಲಿಸಿವೆಯೋ ಆ ನೋಟಕ್ಕೆ ನಿಷ್ಠನಾಗಿ, ಕಂಡದ್ದನ್ನು ಕಂಡಷ್ಟೇ ಹೇಳಿದಾಗ ಹುಟ್ಟುವುದೇ ಸ್ವಂತ ದನಿ. ಈ ಮಾತಿಗೆ ಕನ್ನಡಿಗರೆಲ್ಲರೂ ಬಲ್ಲ ಒಂದು ಸ್ಥಳವೇ ಸಾಕ್ಷಿಯಾಗಬಲ್ಲದು. ಅದು ಹಂಪೆ.

ಕ್ರಿ.ಶ. ೧೪೪೩ರಲ್ಲಿ ಪರ್ಷಿಯಾದ ಅರಸ ಶಾರುಖನ ರಾಯಭಾರಿಯಾಗಿ ಅಬ್ದುಲ್ ರಜಾಕನು ವಿಜಯನಗರಕ್ಕೆ ಬಂದನು. ಆಗ ಇಮ್ಮಡಿ ದೇವರಾಯನು ಆಳುತ್ತಿದ್ದನು. ರಜಾಕನು ವಿದ್ವಾಂಸ, ಆಸ್ಥಾನದ ಶೈಲಿಯಲ್ಲಿ ನುರಿತವನು. ನಗರದ ವೈಭವವನ್ನು ಅವನು ಅತಿಶಯೋಕ್ತಿಗಳಿಂದ ಹೊಗಳಿರುವುದು ಪ್ರಸಿದ್ಧವಾಗಿದೆ. ಆದರೆ ಅವನ ಬರಹ ಇಂದಿಗೂ ಜೀವಂತವಾಗಿರುವುದು ಆ ಹೊಗಳಿಕೆಯಿಂದಲ್ಲ. ಸಮುದ್ರಯಾನಕ್ಕೆ ಹೊರಟಾಗ ಹಡಗಿನ ವಾಸನೆಗೇ ತಾನು ಮೂರ್ಛೆಹೋದುದನ್ನು ಅವನು ಸಂಕೋಚವಿಲ್ಲದೆ ಬರೆದಿದ್ದಾನೆ. ಇಲ್ಲಿನವರು ಮೆಲ್ಲುವ ತಾಂಬೂಲವನ್ನು ಕಂಡು ಬೆರಗಾಗಿ, ಎಲೆ ಎಂಥದು, ಅಡಕೆ ಸುಣ್ಣಗಳನ್ನು ಹೇಗೆ ಸೇರಿಸುತ್ತಾರೆ, ಅದರ ಪರಿಣಾಮವೇನು ಎಂದು ಬಿಡಿಸಿ ಹೇಳಿದ್ದಾನೆ. ದಿನವೂ ತಾಂಬೂಲ ಹಾಕಿಕೊಳ್ಳುತ್ತಿದ್ದ ವಿಜಯನಗರದವನಿಗೆ ಅದು ಬರೆಯತಕ್ಕ ಸಂಗತಿಯೆಂದು ಹೊಳೆಯುವುದು ಕಷ್ಟ. ಹೊರಗಿನಿಂದ ಬಂದ ಕಣ್ಣಿಗೆ ಮಾತ್ರ ಅದು ವಿಸ್ಮಯವಾಗಿ ಕಂಡಿತು. ಆ ವಿಸ್ಮಯವನ್ನು ಕ್ಷುಲ್ಲಕವೆಂದು ಬಿಟ್ಟುಬಿಡದಿದ್ದುದೇ ರಜಾಕನ ಹಿರಿಮೆ.

ಸುಮಾರು ೧೫೨೦ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗಲ್ ದೇಶದ ಡೊಮಿಂಗೊ ಪಾಯೆಸನು ಇದೇ ನಗರವನ್ನು ಕಂಡನು. ನಗರದ ವಿಸ್ತಾರವನ್ನು ಅರಿಯಬೇಕೆಂದು ಅವನು ಒಂದು ಬೆಟ್ಟವನ್ನೇ ಹತ್ತಿದನು. ಬೆಟ್ಟಸಾಲುಗಳ ನಡುವೆ ಹರಡಿಕೊಂಡಿರುವುದರಿಂದ ಊರೆಲ್ಲವೂ ಅಲ್ಲಿಂದ ಕಾಣುವುದಿಲ್ಲವೆಂದೂ, ಕಂಡಷ್ಟು ಭಾಗವೇ ರೋಮ್ ನಗರದಷ್ಟು ದೊಡ್ಡದಾಗಿ ತೋರಿತೆಂದೂ ಅವನು ಬರೆದಿದ್ದಾನೆ. ಇಲ್ಲಿ ಎರಡು ಗುಣಗಳನ್ನು ಗಮನಿಸಬೇಕು. ಒಂದು, ಕಾಣದ್ದನ್ನು ಕಾಣಲಿಲ್ಲವೆಂದು ಹೇಳುವ ಪ್ರಾಮಾಣಿಕತೆ. ಮತ್ತೊಂದು, ತನ್ನ ಕಡೆಯವರಿಗೆ ಪರಿಚಿತವಾದ ಅಳತೆಗೋಲಿನಿಂದ ಪರನಾಡನ್ನು ಅಳೆಯುವ ಜಾಣ್ಮೆ. ಇದೇ ಪಾಯೆಸನು ಕೃಷ್ಣದೇವರಾಯನ ಮುಖದ ಮೇಲೆ ಸಿಡುಬಿನ ಕಲೆಗಳಿದ್ದುವೆಂದು ಬರೆದಿದ್ದಾನೆ. ಆಸ್ಥಾನಕವಿಗಳ ರಾಜವರ್ಣನೆಯಲ್ಲಿ ಮುಖವು ಚಂದ್ರನಂತಿರಬೇಕು. ಸಿಡುಬಿನ ಕಲೆಗೆ ಅಲ್ಲಿ ಎಡೆಯಿಲ್ಲ. ಹೊಗಳಬೇಕಾದ ಹಂಗಿಲ್ಲದ ಒಬ್ಬ ಪ್ರವಾಸಿಯ ಒಂದು ಸರಳ ವಾಕ್ಯದಿಂದ ಐದುನೂರು ವರ್ಷಗಳ ಹಿಂದಿನ ಆ ಮಹಾಪುರುಷನು ಇಂದಿನ ಓದುಗರ ಮುಂದೆ ಮನುಷ್ಯನಾಗಿ ಬಂದು ನಿಲ್ಲುತ್ತಾನೆ.

ಪಾಯೆಸನ ಅನಂತರ, ಸುಮಾರು ೧೫೩೫ರ ಹೊತ್ತಿಗೆ, ಅಚ್ಯುತರಾಯನ ಆಳ್ವಿಕೆಯಲ್ಲಿ ಫೆರ್ನಾವೊ ನೂನಿಜನು ಇಲ್ಲಿದ್ದನು. ಅವನು ಕುದುರೆಯ ವ್ಯಾಪಾರಿ. ಆದ್ದರಿಂದ ಅವನ ವೃತ್ತಾಂತದಲ್ಲಿ ಕುದುರೆಗಳ ವಿಷಯ ಎದ್ದು ಕಾಣುತ್ತದೆ. ಸಾಳುವ ನರಸಿಂಹನು ಕುದುರೆಗಳನ್ನು ಸತ್ತರೂ ಬದುಕಿದರೂ ಕೊಳ್ಳುತ್ತಿದ್ದನೆಂದೂ, ಕಡಲ ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದೂ ಅವನು ದಾಖಲಿಸಿದ್ದಾನೆ. ಒಂದು ಸಾಮ್ರಾಜ್ಯಕ್ಕೆ ಅಶ್ವಬಲ ಎಷ್ಟು ಅವಶ್ಯವಾಗಿತ್ತೆಂಬುದನ್ನು ಈ ಒಂದು ಬಾಲದ ಸಂಗತಿ ತಿಳಿಸುವಷ್ಟು ಸ್ಫುಟವಾಗಿ ದೊಡ್ಡ ದೊಡ್ಡ ಸಾಮಾನ್ಯೋಕ್ತಿಗಳು ತಿಳಿಸಲಾರವು. ಪಂಡಿತನಿಗೆ ಹೊಳೆಯದಿದ್ದುದು ವ್ಯಾಪಾರಿಗೆ ಹೊಳೆಯಿತು. ತನ್ನ ವೃತ್ತಿಯನ್ನು ಮರೆಮಾಡಿ ಅವನು ಪಂಡಿತನಂತೆ ಬರೆಯಹೊರಟಿದ್ದರೆ ಈ ಸಂಗತಿ ಇತಿಹಾಸಕ್ಕೆ ಉಳಿಯುತ್ತಿರಲಿಲ್ಲ.

ಹೀಗೆ ಊರು ಒಂದೇ, ನೋಡಿದವರು ಮೂವರು. ಮೂವರ ದನಿಯೂ ಬೇರೆ ಬೇರೆ. ರಾಯಭಾರಿಗೆ ತಾಂಬೂಲದ ಬೆರಗು, ಬೆಟ್ಟ ಹತ್ತಿದವನಿಗೆ ಕಂಡ ಕಾಣದ ವಿಸ್ತಾರ, ವ್ಯಾಪಾರಿಗೆ ಕುದುರೆ. ವಿಜಯನಗರದ ಚರಿತ್ರೆಯನ್ನು ಬರೆದವರು ಈ ಬರಹಗಳನ್ನು ಬಿಟ್ಟು ಮುಂದೆ ಹೋಗಲಾರದಾದರು. ೧೯೦೦ರಲ್ಲಿ ರಾಬರ್ಟ್ ಸಿವೆಲ್ ಅವರು ವಿಜಯನಗರವನ್ನು ಕುರಿತ ತಮ್ಮ ಗ್ರಂಥದಲ್ಲಿ ಪಾಯೆಸ್ ಮತ್ತು ನೂನಿಜರ ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದು ಪ್ರಕಟಿಸಿದ ಮೇಲೆ, ನಾಡಿನ ವಿದ್ವಾಂಸರಿಗೂ ಹಂಪೆಯ ಹಾಳು ಕಲ್ಲುಗಳು ಹೊಸದಾಗಿ ಮಾತನಾಡತೊಡಗಿದುವು.

ಇಷ್ಟನ್ನು ಹೇಳಿದೊಡನೆ ಒಂದು ಆಕ್ಷೇಪ ಏಳುವುದು ಸಹಜ. ಇದೆಲ್ಲ ಪರದೇಶೀಯರ ಗುಣ. ನಮ್ಮ ಪ್ರಾಚೀನರಲ್ಲಿ ಅಷ್ಟಾದಶ ವರ್ಣನೆಗಳ ಕಟ್ಟುಪಾಡಿತ್ತಲ್ಲವೆ, ಪುರ ಸಮುದ್ರ ಪರ್ವತ ಋತು ಚಂದ್ರೋದಯಗಳನ್ನು ಎಲ್ಲ ಕವಿಗಳೂ ಒಂದೇ ಬಗೆಯಲ್ಲಿ ವರ್ಣಿಸಲಿಲ್ಲವೆ, ಅಂಥ ಪರಂಪರೆಯಲ್ಲಿ ಸ್ವಂತ ದನಿಗೆ ಎಡೆಯೆಲ್ಲಿ ಎಂದು ಕೇಳುವವರುಂಟು. ಪರಂಪರೆಯನ್ನು ಮೇಲುಮೇಲೆ ಬಲ್ಲವರ ಮಾತಿದು. ಕಾಳಿದಾಸನ ರಘುವಂಶದ ಹದಿಮೂರನೆಯ ಸರ್ಗವನ್ನು ನೆನೆಯಬೇಕು. ಲಂಕೆಯಿಂದ ಅಯೋಧ್ಯೆಗೆ ಪುಷ್ಪಕದಲ್ಲಿ ಬರುತ್ತ ಶ್ರೀರಾಮನು ಸೀತೆಗೆ ಕೆಳಗಿನ ದೇಶಗಳನ್ನು ತೋರಿಸುತ್ತಾನೆ. ಸಮುದ್ರ, ಬೆಟ್ಟ, ನದಿ, ಆಶ್ರಮಗಳೆಲ್ಲ ಅಲ್ಲಿ ಕ್ರಮವಾಗಿ ಬರುತ್ತವೆ. ಕಟ್ಟುಪಾಡು ಎಲ್ಲಿಯೂ ತಪ್ಪಿಲ್ಲ. ಆದರೆ ಒಂದೆಡೆಯಲ್ಲಿ ಅವನು, ಸೀತೆಯನ್ನು ಅರಸುತ್ತಿದ್ದಾಗ ಅವಳ ಕಾಲಿನ ಒಂಟಿ ನೂಪುರ ನೆಲದ ಮೇಲೆ ಬಿದ್ದಿದ್ದುದನ್ನು ಕಂಡ ಜಾಗವನ್ನು ತೋರಿಸುತ್ತಾನೆ. ಆ ಜಾಗಕ್ಕೆ ಭೂಗೋಳದಲ್ಲಿ ಹೆಸರಿಲ್ಲ. ಯಾವ ತೀರ್ಥಮಾಹಾತ್ಮ್ಯದಲ್ಲಿಯೂ ಅದು ಸೇರಿಲ್ಲ. ಅದನ್ನು ಹಾಗೆ ತೋರಿಸಬಲ್ಲವನು ಲೋಕದಲ್ಲಿ ಒಬ್ಬನೇ. ಪ್ರವಾಸ ಕಥನದ ರಹಸ್ಯವೆಲ್ಲ ಆ ನೂಪುರದಲ್ಲಿದೆ.

ಕನ್ನಡದ ಆದಿಕವಿಯೂ ಇದೇ ದಾರಿಯನ್ನು ಹಿಡಿದವನು. ಕ್ರಿ.ಶ. ೯೪೧ರಲ್ಲಿ ರಚಿತವಾದ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನನು ಭೂಮಿಯನ್ನು ಸುತ್ತುತ್ತ ಬನವಾಸಿಗೆ ಬರುತ್ತಾನೆ. ವ್ಯಾಸಭಾರತದ ಅರ್ಜುನನಿಗೆ ಬನವಾಸಿಯ ಹಂಬಲವಿಲ್ಲ. ಅದು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪನ ಹಂಬಲ. ಪುರಾಣದ ಯಾತ್ರೆಯೊಳಗೆ ಕವಿ ತನ್ನ ಪ್ರೀತಿಯ ನಾಡನ್ನು ತಂದಿರಿಸಿದನು. ಕಾವ್ಯದಲ್ಲಿ ಎಷ್ಟೋ ವರ್ಣನೆಗಳಿದ್ದರೂ ಓದುಬರಹ ಬಾರದ ಕನ್ನಡಿಗರೂ ಬಲ್ಲದ್ದು ಆ ಬನವಾಸಿಯ ಮಾತೊಂದನ್ನೇ. ಕಟ್ಟುಪಾಡು ದನಿಯ ವೈರಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ವೈರಿಯಾದದ್ದು ಆಲಸ್ಯ, ಪರರ ಕಣ್ಣಿನಿಂದ ನೋಡಿ ಪರರ ಮಾತಿನಿಂದ ಮುಗಿಸುವ ಆಲಸ್ಯ.

ಹೊಸಗನ್ನಡದಲ್ಲಿ ಈ ಪ್ರಕಾರ ಸಮೃದ್ಧವಾಗಿ ಬೆಳೆದಿದೆ. ವಿ. ಸೀತಾರಾಮಯ್ಯನವರು ಹಂಪೆಯನ್ನು ಕುರಿತು ಬರೆದ ಪಂಪಾಯಾತ್ರೆ ೧೯೨೭ರಷ್ಟು ಹಿಂದೆಯೇ ಪ್ರಕಟವಾಯಿತು. ಅನಂತರ ಬಂದ ಕೃತಿಗಳಲ್ಲಿ ನಿಂತವು ಯಾವುವೆಂದು ನೋಡಿದರೆ ಅವೆಲ್ಲವೂ ಸ್ವಂತ ದನಿಯವೇ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕದಲ್ಲಿ ಗೊರೂರು' ಕೃತಿಗೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆ ಹೆಸರನ್ನು ಎರಡು ಬಗೆಯಾಗಿ ಓದಬಹುದು. ಗೊರೂರು ಎಂಬುದು ಲೇಖಕರ ಹೆಸರು. ಹೇಮಾವತಿಯ ದಡದ ಹಳ್ಳಿಯ ಹೆಸರೂ ಹೌದು. ಅಮೆರಿಕಕ್ಕೆ ಹೋದದ್ದು ಒಬ್ಬ ವೃದ್ಧ ಸಾಹಿತಿ ಮಾತ್ರವಲ್ಲ, ಅವರ ಕಣ್ಣೊಳಗೆ ಒಂದು ಹಳ್ಳಿಯೇ ಹೋಗಿ ಬಂದಿತು. ಎ. ಎನ್. ಮೂರ್ತಿರಾಯರು ತಮ್ಮ ಪುಸ್ತಕವನ್ನು 'ಅಪರವಯಸ್ಕನ ಅಮೆರಿಕಾ ಯಾತ್ರೆ' ಎಂದು ಕರೆದು, ನೋಡುತ್ತಿರುವ ಕಣ್ಣಿಗೆ ಎಷ್ಟು ವಯಸ್ಸಾಗಿದೆ ಎಂಬುದನ್ನು ಹೊದಿಕೆಯ ಮೇಲೆಯೇ ತಿಳಿಸಿಬಿಟ್ಟರು.

ಅಧ್ಯಾಪಕರು ಇವೆಲ್ಲಕ್ಕಿಂತ ಹೆಚ್ಚಾಗಿ ಪರಿಭಾವಿಸಬೇಕಾದ ಕೃತಿ ಡಾ. ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು'. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಶಿಷ್ಯರನ್ನು ಕಟ್ಟಿಕೊಂಡು ಗಿಡಮರಗಳನ್ನು ಅರಸಿ ಕಾಡುಬೆಟ್ಟಗಳಲ್ಲಿ ಅಲೆದ ಕಥೆಯದು. ೧೯೭೮ರಲ್ಲಿ ಅಕಾಡೆಮಿಯ ಪ್ರಶಸ್ತಿ ಪಡೆದ ಆ ಪುಸ್ತಕ ಮೂಲತಃ ಒಂದು ಶೈಕ್ಷಣಿಕ ಪ್ರವಾಸದ ವೃತ್ತಾಂತವೇ ಆಗಿದೆ! ಶಾಲೆಗಳು ಪ್ರತಿವರ್ಷ ಕೈಗೊಳ್ಳುವ ಇದೇ ಬಗೆಯ ಪ್ರವಾಸದಿಂದ, ಗಿಡದ ಎಲೆ ಹೂಗಳನ್ನು ಬಿಟ್ಟಗಲದ ಒಬ್ಬ ಗುರುವಿನ ಕಣ್ಣು ಕನ್ನಡಕ್ಕೆ ಒಂದು ಶ್ರೇಷ್ಠ ಗ್ರಂಥವನ್ನು ತಂದುಕೊಟ್ಟಿತು.

ಈ ಬೆಳಕಿನಲ್ಲಿ ಶಾಲೆಯ ಮಕ್ಕಳನ್ನು ಹಂಪೆಗೆ ಕರೆದೊಯ್ಯುವ ಬಸ್ಸಿನೊಳಗೆ ಒಮ್ಮೆ ದೃಷ್ಟಿ ಹಾಯಿಸಬೇಕು. ಅದರೊಳಗೆ ಕೂತವರು ಬರಿಗಣ್ಣಿನವರಲ್ಲ. ಕಲ್ಲುಕುಟಿಗರ ಮನೆಯ ಹುಡುಗನಿದ್ದಾನೆ. ಹಂಪೆಯ ಬಂಡೆಗಳ ಮೇಲೆ ಸಾಲಾಗಿ ಕೊರೆದಿರುವ ಗುಳಿಗಳನ್ನು ಮಾರ್ಗದರ್ಶಕನು ತೋರಿಸುವುದಿಲ್ಲ. ಆದರೆ ಬೆಣೆ ಬಡಿದು ಬಂಡೆ ಸೀಳುವ ಕೆಲಸವನ್ನು ತಂದೆಯ ಪಕ್ಕದಲ್ಲಿ ನಿಂತು ನೋಡಿದ ಆ ಹುಡುಗನಿಗೆ, ಸೀಳದೆ ಉಳಿದುಬಿಟ್ಟ ಕಲ್ಲು ಕಂಡೊಡನೆ ಕೆಲಸ ಅರ್ಧಕ್ಕೆ ನಿಂತುದು ಅರ್ಥವಾಗುತ್ತದೆ. ಒಕ್ಕಲುತನದ ಮನೆಯ ಹುಡುಗಿಯಿದ್ದಾಳೆ. ವಿಜಯನಗರದ ಕಾಲದ ತುರ್ತು ಕಾಲುವೆ ಇಂದಿಗೂ ಬಾಳೆಯ ತೋಟಗಳಿಗೆ ನೀರುಣಿಸುತ್ತಿರುವುದನ್ನು ಕಂಡರೆ, ಅರಮನೆ ಬಿದ್ದುಹೋದರೂ ಕಾಲುವೆ ಬೀಳಲಿಲ್ಲವೆಂಬ ಮಾತು ಅವಳ ಮನಸ್ಸಿನಲ್ಲಿ ತಾನಾಗಿ ಮೂಡೀತು. ಇವರಿಬ್ಬರೂ ಊರಿಗೆ ಮರಳಿ, ಕಲ್ಲಿನ ರಥ ಕಣ್ಮನಗಳನ್ನು ಸೂರೆಗೊಂಡಿತೆಂದು ಬರೆದು ಕೈತೊಳೆದುಕೊಂಡರೆ ನಷ್ಟ ಯಾರಿಗೆ? ಪ್ರಬಂಧದ ನಷ್ಟ ಅಲ್ಪದ್ದು. ತಾನು ಕಂಡದ್ದು ಬರೆಯತಕ್ಕದ್ದಲ್ಲ, ತನ್ನ ಮನೆಯ ಅರಿವು ಅರಿವಲ್ಲ, ಪುಸ್ತಕದಲ್ಲಿ ಅಚ್ಚಾದದ್ದೇ ಅರಿವು ಎಂಬ ಭಾವನೆ ಆ ಮಕ್ಕಳಲ್ಲಿ ಬೇರೂರಿಬಿಡುವುದು ಮಹಾನಷ್ಟ. ಮನೆಯಲ್ಲಿ ಮೊದಲ ಸಲ ಅಕ್ಷರ ಕಲಿಯುತ್ತಿರುವ ಮಕ್ಕಳ ಪಾಲಿಗಂತೂ ಇದು ವಿದ್ಯೆಯ ಹೆಸರಿನಲ್ಲಿ ನಡೆಯುವ ಅನ್ಯಾಯ.

ಮಕ್ಕಳು ಮೊದಲು ಅನುಕರಣದಿಂದಲೇ ಕಲಿಯಬೇಕು, ಭಾಷೆ ಕೈವಶವಾಗುವ ಮುನ್ನ ಸ್ವಂತಿಕೆಯ ಮಾತೇಕೆ ಎಂದು ಹಳೆಯ ಕ್ರಮದಲ್ಲಿ ಕಲಿತ ವಿದ್ವಾಂಸರು ಹೇಳುವುದುಂಟು. ಅದರಲ್ಲಿ ಸತ್ಯವಿದೆ. ಕಂಠಪಾಠವಿಲ್ಲದೆ ಶಬ್ದಸಂಪತ್ತಿಲ್ಲ; ಒಳ್ಳೆಯ ಗದ್ಯವನ್ನು ಓದದೆ ಒಳ್ಳೆಯ ಗದ್ಯ ಬಾರದು. ಆದರೆ ಅನುಕರಣದಿಂದ ನಾಲಗೆ ತಿದ್ದೀತು, ಕಣ್ಣು ಬರಲಾರದು. ಕಾವ್ಯಪ್ರಕಾಶದ ಮಮ್ಮಟನು ಶಕ್ತಿ ಮತ್ತು ಅಭ್ಯಾಸಗಳೊಂದಿಗೆ ನೈಪುಣ್ಯವನ್ನೂ ಕಾವ್ಯಕ್ಕೆ ಕಾರಣವೆಂದು ಎಣಿಸಿ, ಆ ನೈಪುಣ್ಯವು ಲೋಕ, ಶಾಸ್ತ್ರ, ಕಾವ್ಯಗಳ ಅವಲೋಕನದಿಂದ ಬರುವುದೆಂದು ಹೇಳಿದ್ದಾನೆ. ಅಲ್ಲಿ ಲೋಕವೇ ಮೊದಲು ನಿಂತಿದೆ. ಅಲಂಕಾರಶಾಸ್ತ್ರವೂ ಊರ ಗಾದೆಯೂ ಒಂದೇ ಕ್ರಮವನ್ನು ಹೇಳುತ್ತಿರುವಾಗ ಶಾಲೆಯು ಅದನ್ನು ಮೀರುವುದು ಉಚಿತವಲ್ಲ.

ಪರೀಕ್ಷೆಯ ಮಾತನ್ನು ಎತ್ತುವವರೂ ಇದ್ದಾರೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಅಂಗಗಳಿಲ್ಲದಿದ್ದರೆ ಅಂಕ ಬಾರದೆಂಬ ಭಯ ನಿರಾಧಾರವಲ್ಲ. ಆ ಅಂಗಗಳು ಇರಲಿ. ಕಾಳಿದಾಸನೂ ಕಟ್ಟುಪಾಡನ್ನು ಬಿಡಲಿಲ್ಲ. ಆ ಚೌಕಟ್ಟಿನ ನಡುವೆ ಒಂದು ನೂಪುರ ಬೀಳುವಷ್ಟು ಜಾಗ ಬಿಟ್ಟರೆ ಸಾಕು. ನಲವತ್ತು ಒಂದೇ ಬಗೆಯ ಉತ್ತರಗಳನ್ನು ಓದಿ ಬೇಸತ್ತ ಪರೀಕ್ಷಕನು ಅಂಥ ಒಂದು ವಾಕ್ಯಕ್ಕೆ ಅಂಕ ಕಳೆಯಲಾರನು.

ಇದಕ್ಕೆ ಹೆಚ್ಚಿನ ಸಲಕರಣೆಗಳು ಬೇಕಿಲ್ಲ. ಚರಿತ್ರೆಯ ಪಾಠ ಹೊರಡುವ ಮುನ್ನವೇ ಮುಗಿಯಲಿ. ಹಿಂದಿರುಗಿದ ಮೇಲೆ ಅಧ್ಯಾಪಕರು ಮೂರೇ ಪ್ರಶ್ನೆಗಳನ್ನು ಕೇಳಲಿ. ಯಾರೂ ತೋರಿಸದೆ ನಿನಗೆ ಕಂಡದ್ದು ಏನು? ಅದು ನಿನ್ನ ಮನೆಯ, ನಿನ್ನ ಊರಿನ ಯಾವುದನ್ನು ನೆನಪಿಗೆ ತಂದಿತು? ನಿನಗೆ ಕಾಣದೆ, ತಿಳಿಯದೆ ಉಳಿದದ್ದು ಯಾವುದು? ಮೊದಲನೆಯದನ್ನು ರಜಾಕನೂ ನೂನಿಜನೂ, ಉಳಿದೆರಡನ್ನು ಪಾಯೆಸನೂ ಎಂದೋ ಉತ್ತರಿಸಿದ್ದಾರೆ; ಆರನೆಯ ತರಗತಿಯ ಮಗುವೂ ಉತ್ತರಿಸಬಲ್ಲದು. ಬರಹ ಕೈಗೆ ಬಂದಾಗ ಕಾಗುಣಿತವನ್ನೂ ವಿಭಕ್ತಿಯನ್ನೂ ಧಾರಾಳವಾಗಿ ತಿದ್ದಬಹುದು. ಕಂಡದ್ದನ್ನು ಮಾತ್ರ ತಿದ್ದಬಾರದು. ಬಾಳೆಯ ತೋಟವೆಂದು ಮಗು ಬರೆದಲ್ಲಿ ನಯನಮನೋಹರವಾದ ಪ್ರಕೃತಿಸೌಂದರ್ಯವೆಂದು ತಿದ್ದುವ ಕೆಂಪು ಶಾಯಿ ಒಂದು ದನಿಯನ್ನೇ ಅಳಿಸಿಹಾಕುತ್ತದೆ.

ಸ್ಮರಣ ಸಂಚಿಕೆಗಳಲ್ಲಿ ವಿದ್ಯಾರ್ಥಿಗಳ ಹೆಸರಿನಲ್ಲಿ ಅಚ್ಚಾಗುವ ಬರಹಗಳಿಗೂ ಈ ಮಾತು ಅನ್ವಯಿಸುತ್ತದೆ. ಸಂಸ್ಥೆಯ ಗೌರವಕ್ಕೆ ಕುಂದು ಬಾರದಿರಲೆಂದು ಅವುಗಳನ್ನು ದೊಡ್ಡವರೇ ತಿದ್ದಿ ತೀಡಿ, ಕೆಲವೊಮ್ಮೆ ಹೊಸದಾಗಿಯೇ ಬರೆದು, ಮಗುವಿನ ಹೆಸರು ಹಾಕುವ ರೂಢಿ ಅನೇಕ ಕಡೆಗಳಲ್ಲಿದೆ. ಉದ್ದೇಶ ಒಳ್ಳೆಯದೇ. ಆದರೆ ಸಂಸ್ಥೆಯ ಗೌರವ ನುಣುಪಾದ ವಾಕ್ಯದಿಂದ ಬರುವುದಿಲ್ಲ; ತನ್ನ ಕಣ್ಣನ್ನು ನಂಬುವ ವಿದ್ಯಾರ್ಥಿಯಿಂದ ಬರುತ್ತದೆ. ದೂರದೇಶಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳು ಸಂಚಿಕೆಗೆ ಬರೆಯುವಾಗ ಅಲ್ಲಿನ ಕಟ್ಟಡಗಳ ಎತ್ತರವನ್ನು ಬಿಟ್ಟು, ಆ ಊರಿನಲ್ಲಿ ತಮಗೊಬ್ಬರಿಗೇ ಕಂಡದ್ದನ್ನು ಬರೆದರೆ ಓದುವ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಪ್ರವಾಸದ ಬಸ್ಸಿಗೂ ಬುತ್ತಿಗೂ ಉದಾರವಾಗಿ ನೆರವಾಗುತ್ತ ಬಂದಿರುವ ದಾನಿಗಳು, ಪ್ರತಿಯೊಂದು ಮಗುವಿನ ಕೈಗೂ ಒಂದೊಂದು ಸಣ್ಣ ಟಿಪ್ಪಣಿ ಪುಸ್ತಕವನ್ನು ಕೊಡಿಸಿ, ಮುಂದಿನ ಸಲ ಶಾಲೆಗೆ ಬಂದಾಗ ಅದನ್ನು ತರಿಸಿ ಓದಬೇಕು. ಹಂಪೆಯಿಂದ ಬಂದ ನಲವತ್ತು ಪುಸ್ತಕಗಳಲ್ಲಿ ನಲವತ್ತು ಹಂಪೆಗಳು ಕಂಡರೆ ಕೊಟ್ಟ ಹಣ ಸಾರ್ಥಕವಾಯಿತೆಂದು ಅವರು ನೆಮ್ಮದಿಯಿಂದ ಮನೆಗೆ ಮರಳಬಹುದು.